ಒಂದು ನಗುವಿನ ಬಿಡುಗಡೆ ಕುರಿತು

ಹುನಗುಂದ, ಜಿಲ್ಲಾ ವಿಜಾಪುರ
ಶ್ರಾವಣದ ಎರಡನೆಯ ಸೋಮವಾರ, ೧೯೮೬

ಇವರಿಗೆ,
ಮಿದುಳಿನ ಬುಡದಲ್ಲಿ ಕಾಯಂ ವಾಸ್ತವ್ಯ ಮಾಡಿರುವ ಕಪ್ಪು ಬಣ್ಣದ ಜೀವಕೋಶಗಳ ಸಮಸ್ತ ಸದಸ್ಯರು,
ಮಾರ್ಫತ್ ಅರ್ಜಿ ಬರೆಯುವ ಗುರಲಿಂಗಪ್ಪನ ತಲೆಬುರುಡೆ.

ವಿಷಯ: ರಾಸಾಯನಿಕ ದೂತರನ್ನು ತಯಾರಿಸಿ ಬಿಡುಗಡೆ ಮಾಡುವ ತಮ್ಮ ಕೆಲಸದಲ್ಲಿ ಕೊರತೆಯಾಗಿ, ಅರ್ಜಿದಾರನ ಮುಖವು ನಗುವುದನ್ನು ನಿಲ್ಲಿಸಿರುವ ಬಗ್ಗೆ.

ಮಾನ್ಯರೇ,

ಇತ್ತ ನಾನು ಕ್ಷೇಮ ಎಂದು ಮೊದಲು ಬರೆಯುವುದು ವಾಡಿಕೆ. ಆದರೆ ಅತ್ತ ತಾವು ಕ್ಷೇಮವಾಗಿದ್ದಿದ್ದರೆ ಇತ್ತ ನಾನೂ ಇರುತ್ತಿದ್ದೆನಾದ್ದರಿಂದ, ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ, ತಾವೇ ದಯಮಾಡಿ ತುಂಬಿಕೊಳ್ಳಬೇಕು. ಇಪ್ಪತ್ತೊಂಬತ್ತು ವರ್ಷಗಳಿಂದ ತಾಲೂಕಿನ ಅಮಲ್ದಾರ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಕುಳಿತು ಅಮಲ್ದಾರರಿಗೆ, ಜಿಲ್ಲೆಯ ಸಾಹೇಬರಿಗೆ, ಮಂತ್ರಿಗಳಿಗೆ, ಒಮ್ಮೆಯಂತೂ ಕುರಿಗಾರ ಹುಲ್ಲಪ್ಪನ ಹಟಕ್ಕೆ ಅವನ ಕಳೆದುಹೋದ ಟಗರಿನ ಬಗ್ಗೆ ಸಾಕ್ಷಾತ್ ರಾಷ್ಟ್ರಪತಿಗಳಿಗೂ ಅರ್ಜಿ ಬರೆದ ನಾನು, ನನ್ನದೇ ತಲೆಯೊಳಗೆ ಬಿಡಾರ ಹೂಡಿರುವ ತಮಗೆ ಒಂದು ಸಾಲು ಬರೆದವನಲ್ಲ. ಊರ ಮಂದಿಯ ಕಷ್ಟವನ್ನೆಲ್ಲ ಬಲ್ಲ ಜಾಣನಿಗೆ ತನ್ನ ನೆತ್ತಿಯ ಕೆಳಗಿನ ಕಷ್ಟ ತಿಳಿಯದೆ ಹೋಯಿತು. ಈ ಪತ್ರದ ಅಕ್ಷರ ದುಂಡಗಿರುವುದನ್ನು ಕಂಡು ಇವನಿಗೇನೂ ಆಗಿಲ್ಲವೆಂದು ತಾವು ಕಡತ ಮುಚ್ಚಬಾರದು. ಬಾಯಿ ನನ್ನದು, ಕೈ ಬೇರೆಯವರದು, ಅದರ ಕಾರಣ ಕೆಳಗೆ ಬರುತ್ತದೆ.

ತಾವೆಂಬವರು ಇದ್ದೀರೆಂದು ನನಗೆ ತಿಳಿದದ್ದೇ ಹೋದ ಕಾರ್ತಿಕದಲ್ಲಿ. ಬಾಗಲಕೋಟೆಯಲ್ಲಿ ಮುಂಬಯಿಗೆ ಹೋಗಿ ಓದಿ ಬಂದ ಒಬ್ಬ ಡಾಕ್ಟರು ನನ್ನನ್ನು ನಾಲ್ಕು ಹೆಜ್ಜೆ ನಡೆಸಿ, ಮೊಣಕೈ ಮಡಚಿ ನೋಡಿ, ನನ್ನ ಹೆಸರನ್ನು ನನ್ನಿಂದಲೇ ಬರೆಸಿ, ಆಮೇಲೆ ಔಷಧದ ಚೀಟಿಯ ಹಿಂಬದಿಗೆ ತಮ್ಮ ಚಿತ್ರ ತೆಗೆದು ತೋರಿಸಿದರು. ತಾವು ಬೆರಳಿನ ಉಗುರಿನಷ್ಟು ಜಾಗದಲ್ಲಿ ನಮ್ಮ ಎರೆಹೊಲದ ಮಣ್ಣಿನಂತೆ ಕಪ್ಪಗೆ ಇರುತ್ತೀರೆಂದೂ, ಎಣಿಸಿದರೆ ಕೆಲವೇ ಲಕ್ಷವೆಂದೂ, ಗುರಲಿಂಗಪ್ಪನೆಂಬ ಐವತ್ತಾರು ವರ್ಷದ ಈ ದೊಡ್ಡ ಸಂಸಾರದ ಅಲುಗಾಟವೆಲ್ಲ ತಮ್ಮ ಅಪ್ಪಣೆಯಿಂದ ನಡೆಯುತ್ತದೆಂದೂ ಹೇಳಿದರು. ಇಷ್ಟು ದಿನ ಅದೆಲ್ಲ ನನ್ನ ಅಪ್ಪಣೆಯಿಂದ ನಡೆಯುತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ.

ತಮ್ಮ ಕೆಲಸದ ರೀತಿಯನ್ನು ಕೇಳಿ, ಆಯುಷ್ಯವೆಲ್ಲ ಕಚೇರಿಗಳನ್ನು ಕಂಡ ನಾನು ಬೆರಗಾದೆನೆಂದು ಹೇಳಲು ಅಪ್ಪಣೆಯಾಗಬೇಕು. ನಾವು ತಿಂದ ರೊಟ್ಟಿ ಪಲ್ಲೆಯಿಂದ ಬರುವ ಒಂದು ಕಚ್ಚಾ ಮಾಲನ್ನು ತಾವು ಒಳಗೆ ಬರಮಾಡಿಕೊಂಡು, ಕೇವಲ ಎರಡು ಮೇಜು ದಾಟಿಸಿ, ಮೊದಲ ಮೇಜಿನಲ್ಲಿ ಅದಕ್ಕೊಂದು ಚೂರು ಅಂಟಿಸಿ, ಎರಡನೆಯದರಲ್ಲಿ ಒಂದು ಚೂರು ಕಿತ್ತು, ಡೋಪಮಿನ್ ಎಂಬ ಹೆಸರಿನ ದೂತರನ್ನು ತಯಾರು ಮಾಡುತ್ತೀರಿ. ಅವರನ್ನು ಬಯಲಿಗೆ ಬಿಡದೆ ಸಾವಿರಗಟ್ಟಲೆ ಒಂದೊಂದು ಚೀಲಕ್ಕೆ ತುಂಬಿ, ತಮ್ಮ ಉದ್ದ ಬಾಲದ ತುದಿಯ ಗೋದಾಮಿನಲ್ಲಿ ಸಾಲಾಗಿ ನಿಲ್ಲಿಸುತ್ತೀರಿ. ವಿದ್ಯುತ್ತಿನ ಸನ್ನೆ ಬಂತೋ, ಬಾಗಿಲು ತೆರೆದು ಸುಣ್ಣದ ಕಣಗಳು ಒಳಗೆ ನುಗ್ಗಿ, ಚೀಲಗಳು ಗೋಡೆಗೆ ಆತು ಬಾಯಿ ಬಿಚ್ಚಿ, ದೂತರು ಹೊರಗೆ ಸುರಿದು, ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಸಂದಿಯನ್ನು ದಾಟಿ, ಆಚೆ ದಂಡೆಯ ಕೋಶದ ಮೇಲೆ ತಮಗೆಂದೇ ಹಾಕಿಟ್ಟ ಮಣೆಯಲ್ಲಿ ಕುಳಿತು ‘ಹೂಂ, ಆಗಲಿ’ ಎನ್ನುತ್ತಾರೆ. ಆಗ ಕೈ ಏಳುತ್ತದೆ, ಕಾಲು ಮುಂದೆ ಹೋಗುತ್ತದೆ, ತುಟಿ ಅಗಲವಾಗುತ್ತದೆ. ಕೆಲಸ ಮುಗಿಸಿದ ದೂತರನ್ನು ತಾವು ಬೀದಿಪಾಲು ಮಾಡದೆ ಮರಳಿ ಒಳಗೆ ಎಳೆದುಕೊಂಡು ಮತ್ತೆ ಚೀಲಕ್ಕೆ ತುಂಬುತ್ತೀರಿ. ಇಷ್ಟೆಲ್ಲ ಒಬ್ಬ ಗುಮಾಸ್ತನು ಚಷ್ಮಾ ಹುಡುಕುವಷ್ಟರಲ್ಲಿ ಎಷ್ಟೋ ಸಲ ನಡೆದು ಮುಗಿದಿರುತ್ತದೆ.

ಅದಕ್ಕಿಂತ ದೊಡ್ಡ ಸೌಜನ್ಯವೆಂದರೆ, ತಮ್ಮಲ್ಲಿ ಅರ್ಧದಷ್ಟು ಮಂದಿ ಕಾಯಕ ಬಿಟ್ಟು ತೀರಿಹೋಗುವವರೆಗೆ ಉಳಿದವರು ಅವರ ಪಾಲಿನದನ್ನೂ ಮಾಡಿಕೊಂಡು ಮನೆಯ ಯಜಮಾನನಿಗೆ ಸುಳಿವು ಹತ್ತದಂತೆ ನೋಡಿಕೊಂಡದ್ದು. ಇಂಥ ನಿಷ್ಠೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಒಂದು ಮಾತು ಮೊದಲೇ ತಿಳಿಸಿದ್ದರೆ ನಾನೂ ಸ್ವಲ್ಪ ತಯಾರಾಗಿರುತ್ತಿದ್ದೆ ಎಂಬುದಷ್ಟೇ ನನ್ನ ಸಣ್ಣ ತಕರಾರು.

ಮೊದಲು ಹೋದದ್ದು ಅಕ್ಷರ. ಮರೋಳದ ಮಾಯವ್ವ ತಮ್ಮ ಓಣಿಗೊಂದು ನೀರಿನ ಬೋರಿಂಗ್ ಬೇಕೆಂದು ಬರೆಸಲು ಬಂದಾಗ ಮೊದಲ ಸಾಲನ್ನು ಜೋಳದ ಕಾಳಿನಷ್ಟು ದಪ್ಪಗೆ ಶುರುಮಾಡಿದವನು, ನಡುವಿಗೆ ಬರುವಷ್ಟರಲ್ಲಿ ಸಜ್ಜೆಗೆ ಇಳಿದು, ಆಮೇಲೆ ನವಣೆಗೆ ಇಳಿದು, ‘ಕೃಪೆಮಾಡಬೇಕಾಗಿ ವಿನಂತಿ’ ಎಂಬಲ್ಲಿ ಸಾಸಿವೆಯಾಗಿಹೋದೆ. ಕಚೇರಿಯ ಜವಾನ ಕನಕಪ್ಪ ಅದನ್ನು ಮರಳಿ ತಂದು, ಮುಂದಿನ ಸಲ ಅರ್ಜಿಯ ಜೊತೆ ಒಂದು ಭೂತಗನ್ನಡಿಯನ್ನೂ ಲಗತ್ತಿಸಬೇಕೆಂದು ಒಳಗಿನವರು ಹೇಳಿದ್ದಾರೆಂದು ತಿಳಿಸಿದ. ನಾನು ಅವತ್ತು ಬರೆಯುವ ಟಾಕಿಗೆ ಬೈದೆ, ಶಾಯಿಗೆ ಬೈದೆ, ಕಾಗದ ಮಾರುವ ಖಾದರಬಾಷಾನ ಅಂಗಡಿಗೆ ಹೋಗಿ ಅವನಿಗೂ ಬೈದು ಬಂದೆ. ಆಮೇಲೆ ಬಲಗೈಯ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ತಾವೇ ಉಜ್ಜತೊಡಗಿದವು. ಅದನ್ನು ಕಂಡ ನೆರೆಮನೆಯ ಇಂದ್ರಾಬಾಯಿ, ಇಷ್ಟು ಭಕ್ತಿಯಿಂದ ಬತ್ತಿ ಹೊಸೆಯುವ ಗಂಡಸನ್ನು ನೋಡಿಲ್ಲವೆಂದು ನನಗೊಂದು ಹಿಡಿ ಅರಳೆ ಕಳಿಸಿಕೊಟ್ಟಳು.

ಇದಿಷ್ಟೇ ಆಗಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಅಕ್ಷರ ಹೋದವನು ಬಾಯಿಂದ ಬದುಕುತ್ತಾನೆ, ಬೆರಳು ನಡುಗಿದವನು ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ತಾವು ನನ್ನ ಮುಖಕ್ಕೆ ಕೈಹಾಕಿದ್ದೇ ನನ್ನ ದೂರು.

ಹೋದ ವರ್ಷ ವೈಶಾಖದಲ್ಲಿ, ಅಂದರೆ ತಮ್ಮ ಹೆಸರೂ ನನಗೆ ತಿಳಿಯದ ಕಾಲದಲ್ಲಿ, ನಮ್ಮ ಬಸುರಿ ಮಗಳು ಪದ್ಮವ್ವಳ ಕುಬಸ ಬಾದಾಮಿಯಲ್ಲಿ ಅವಳ ಗಂಡನ ಮನೆಯಲ್ಲಿ ಆಯಿತು. ಅಂಥ ಹೊತ್ತಿನಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳುವುದು ನಮ್ಮ ಕಡೆಯ ಪದ್ಧತಿ; ವರ್ಷವೆಲ್ಲ ಬಾಯಿಗೆ ತರದ ಹೆಸರನ್ನು ಅಂದು ಪ್ರಾಸ ಹಾಕಿ ನಾಲ್ಕು ಜನರೆದುರು ಹೇಳಿ ನಗಿಸಬೇಕು. ನನ್ನ ಮನೆಯವಳು ಶಿವಬಸವ್ವ ಈ ವಿದ್ಯೆಯಲ್ಲಿ ಹೆಸರಾದವಳು. ಇಪ್ಪತ್ತೆಂಟು ವರ್ಷಗಳಲ್ಲಿ ಹೇಳಿದ ಒಡಪನ್ನು ಮತ್ತೊಮ್ಮೆ ಹೇಳಿದವಳಲ್ಲ. ಅವಳು ಒಡಪು ಹೇಳಿ ಮೊದಲು ನೋಡುವುದು ನನ್ನ ಮುಖವನ್ನು, ನಾನು ನಕ್ಕ ಮೇಲೆ ಉಳಿದವರು ನಗುವುದು, ಇದು ನಮ್ಮಿಬ್ಬರ ನಡುವಿನ ಹಳೆಯ ಒಪ್ಪಂದ. ಅಂದು ಬೀಗರ ಮನೆಯ ಹೆಂಗಸರೆಲ್ಲ ದುಂಬಾಲು ಬಿದ್ದಾಗ ಅವಳು ಸೆರಗು ಸರಿಮಾಡಿಕೊಂಡು ಹೇಳಿದ್ದು ಇದು:

“ಅಮಲ್ದಾರ ಕಚೇರಿ ಮುಂದ ಬೇವಿನ ನೆಳ್ಳು,
ಗುರಲಿಂಗಪ್ಪನವರು ಬರದ ಅರ್ಜಿಯೊಳಗ ಅರ್ಧ ಸುಳ್ಳು.”

ಮಾನ್ಯರೇ, ಇದಕ್ಕಿಂತ ಒಳ್ಳೆಯ ಒಡಪನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ, ಇದಕ್ಕಿಂತ ಖರೆ ಮಾತನ್ನಂತೂ ಕೇಳಿಯೇ ಇಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ ನಾನು ಒಳಗೊಳಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆದರೆ ಆ ನಗು ತಮ್ಮ ಗೋದಾಮಿನವರೆಗೆ ಬಂದು, ಬಾಗಿಲು ಬಡಿದು, ಚೀಲವಿಲ್ಲ ನಾಳೆ ಬಾ ಎಂಬ ಉತ್ತರ ಪಡೆದು ಹಿಂದಿರುಗಿತು. ನನ್ನ ಮುಖ ಕಂಬದ ಜೊತೆ ಇನ್ನೊಂದು ಕಂಬವಾಗಿ ನಿಂತಿತ್ತು. ಎಲ್ಲರೂ ನನ್ನನ್ನು ನೋಡಿದರು, ಯಾರೂ ನಗಲಿಲ್ಲ, ಶಿವಬಸವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು “ತಪ್ಪಾತ್ರಿ” ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಅಂದಿನಿಂದ ಅವಳು ನನ್ನೊಡನೆ ಚಾಷ್ಟಿ, ತಮಾಷೆ ಮಾಡಿಲ್ಲ. ರೊಟ್ಟಿಗೊಂದು ಕೊಂಕು ಬಡಿಸುತ್ತಿದ್ದವಳು ಈಗ ಬರೀ ರೊಟ್ಟಿ ಬಡಿಸುತ್ತಾಳೆ. ನಾನು ಸುಮ್ಮನೆ ಕೂತಿರಲಿಲ್ಲ ಎಂಬುದನ್ನು ತಾವು ದಾಖಲೆಗೆ ತೆಗೆದುಕೊಳ್ಳಬೇಕು. ಊರಿಗೆ ಮರಳುವಾಗ ಬಸ್ಸು ಗುಳೇದಗುಡ್ಡ ದಾಟಿದ ಮೇಲೆ ಒಮ್ಮೆ “ನನಗ ಸಿಟ್ಟಿಲ್ಲ” ಎಂದೆ, ಅಮೀನಗಡದಲ್ಲಿ ಕರದಂಟಿನ ಪೊಟ್ಟಣ ಅವಳ ಮಡಿಲಿಗಿಟ್ಟು ಇನ್ನೊಮ್ಮೆ ಎಂದೆ, ಮನೆಯ ಹೊಸ್ತಿಲಲ್ಲಿ ಮತ್ತೊಮ್ಮೆ ಎಂದೆ. ಕಟ್ಟಿಗೆಯಂಥ ಮುಖ ಹೊತ್ತು, ಏರಿಳಿತವಿಲ್ಲದ ದನಿಯಲ್ಲಿ ಸಿಟ್ಟಿಲ್ಲವೆಂದು ಮೂರು ಸಲ ಹೇಳುವ ಗಂಡನಿಗೆ ಎಷ್ಟು ಸಿಟ್ಟಿರಬೇಕೆಂದು ಯಾವ ಹೆಂಡತಿಗಾದರೂ ತಿಳಿಯುತ್ತದೆ. ಅವಳು ಆ ಕರದಂಟನ್ನು ಇಂದ್ರಾಬಾಯಿಯ ಮನೆಗೆ ಕೊಟ್ಟುಬಿಟ್ಟಳು.

ಕಾರ್ತಿಕದಲ್ಲಿ ಡಾಕ್ಟರು ಗುಳಿಗೆ ಕೊಟ್ಟರು. ತಾವು ಎರಡನೆಯ ಮೇಜಿಗೆ ಕಳಿಸುವ ಅರ್ಧ ತಯಾರಾದ ಮಾಲೇ ಆ ಗುಳಿಗೆಯಲ್ಲಿ ಇರುತ್ತದೆ, ಉಳಿದ ಕೆಲಸಗಾರರು ಅದನ್ನು ಪೂರ್ತಿಮಾಡಿ ಚೀಲಕ್ಕೆ ತುಂಬುತ್ತಾರೆ, ಮುಖ ಕೈ ಸಡಿಲವಾಗುತ್ತವೆ ಎಂದರು. ರೋಗವಿದೆ, ಗುಳಿಗೆಯಿದೆ ಎಂದಷ್ಟೇ ಮನೆಯಲ್ಲಿ ಹೇಳಿದೆ. ನಗುವಿನ ಸಂಗತಿ ಹೇಳಲು ಹೋಗಿ ಆ ಮುಖದಿಂದ ಅದಕ್ಕೊಂದು ಹೊಸ ಅನರ್ಥ ಹುಟ್ಟೀತೆಂದು ಹೆದರಿ, ಗುಳಿಗೆಯೇ ನನ್ನ ಪರವಾಗಿ ನಕ್ಕು ತೋರಿಸಲೆಂದು ಕಾದೆ. ಶಿವಬಸವ್ವ, ಸಿಟ್ಟಿನ ಗಂಡನಾದರೂ ಗಂಡನೇ ಎಂದು, “ಬರೀ ಹೊಟ್ಟೀಲೆ ಗುಳಿಗಿ ನುಂಗಬಾರದು” ಎಂಬ ಹಿರಿಯರ ಮಾತು ಹಿಡಿದು, ಪ್ರತಿ ಗುಳಿಗೆಯ ಮುಂಚೆ ಹೆಸರುಕಾಳಿನ ಪಲ್ಲೆ, ಶೇಂಗಾ ಹಿಂಡಿಯ ಚಟ್ನಿ, ಮೇಲೆ ಗಟ್ಟಿ ಮೊಸರು ಬಡಿಸತೊಡಗಿದಳು. ನಾನೋ, ನಕ್ಕು ತೋರಿಸಲಾರದವನು ತಿಂದು ತೋರಿಸೋಣವೆಂದು ಎರಡು ರೊಟ್ಟಿಯ ಜಾಗದಲ್ಲಿ ಮೂರು ತಿಂದೆ, ಮತ್ತೆ ಮೊಸರು ಹಾಕಿಸಿಕೊಂಡೆ, ಬೆರಳು ನೆಕ್ಕಿದೆ. ಅದು ನನ್ನ ನಗೆಯೆಂದು ನಾನು ತಿಳಿದೆ, ಅದು ನನ್ನ ರೋಗದ ಹಸಿವೆಂದು ಅವಳು ತಿಳಿದು ಇನ್ನಷ್ಟು ಬಡಿಸಿದಳು. ಆರು ತಿಂಗಳಲ್ಲಿ ನನ್ನ ಹೊಟ್ಟೆಯೊಂದೇ ಸುಧಾರಿಸಿತು.

ಈ ಜ್ಯೇಷ್ಠದಲ್ಲಿ ಒಬ್ಬನೇ ಬಾಗಲಕೋಟೆಗೆ ಹೋದಾಗ ಡಾಕ್ಟರು ಊಟದ ವಿವರ ಕೇಳಿ ಹಣೆ ಬಡಿದುಕೊಂಡರು. ಗುಳಿಗೆಯ ಮಾಲು ತಮ್ಮ ಓಣಿಗೆ ಬರಬೇಕಾದರೆ ಮಿದುಳಿನ ಒಂದು ಕಾವಲು ಬಾಗಿಲನ್ನು ದಾಟಬೇಕು, ಕಾಳು ಮೊಸರುಗಳ ಸತ್ವವೂ ಅದೇ ಬಾಗಿಲಿಗೆ ಬರುತ್ತದೆ. ಇಳಕಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸಂತೆಯ ದಿನ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೆಸರುಕಾಳು, ಶೇಂಗಾ, ಮೊಸರು ಮೂವರೂ ಕಿಟಕಿಯಿಂದ ಟವೆಲ್ ಎಸೆದು ಸೀಟೆಲ್ಲ ಹಿಡಿದಿದ್ದರು, ನನ್ನ ಗುಳಿಗೆ ಮಾತ್ರ ಶರಣರ ವಿನಯದಿಂದ ಕೆಳಗೆ ನಿಂತು ಬಸ್ಸು ಹೋಗುವುದನ್ನು ನೋಡುತ್ತಿತ್ತು. ನನಗೆ ಸಿಟ್ಟಿಲ್ಲವೆಂದು ತೋರಿಸಲು ತಿಂದ ಮೂರನೆಯ ರೊಟ್ಟಿ ಪಲ್ಲೆಯೇ ನನ್ನ ಮುಖಕ್ಕೆ ಸಿಟ್ಟಿನ ಬೀಗ ಹಾಕಿತ್ತು. ಬುದ್ಧಿವಂತನೆಂದು ಹೆಸರಾದ ನನಗೆ ಇದೊಂದು ಪದವಿಯೆಂದೇ ಭಾವಿಸಿದ್ದೇನೆ.

ಈಗ ನನ್ನ ಸಂಕಟ ತಮಗೆ ಗೊತ್ತಾಗಬೇಕು. ‘ನೀನು ಪ್ರೀತಿಯಿಂದ ಬಡಿಸಿದ್ದೇ ಅಡ್ಡಿಯಾಯಿತು’ ಎಂಬ ಮಾತನ್ನು ಈ ಮುಖದಿಂದ ಅವಳಿಗೆ ಹೇಗೆ ಹೇಳುವುದು. ನಕ್ಕು ಹೇಳಿದರೆ ಅದು ತಮಾಷೆ, ನಗದೆ ಹೇಳಿದರೆ ಆಪಾದನೆ. ಒಮ್ಮೆ ತಪ್ಪಾತ್ರಿ ಎಂದವಳ ಬಾಯಿಂದ ಅದೇ ಮಾತನ್ನು ಎರಡನೆಯ ಸಲ ಕೇಳುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ಹಲ್ಲುನೋವೆಂದು ಸುಳ್ಳು ಹೇಳಿ ಬೆಳಗಿನ ಊಟ ತಪ್ಪಿಸಿ, ಬೇವಿನ ಗಿಡದ ಕೆಳಗೆ ಕುಳಿತು, ಹತ್ತು ಗಂಟೆಗೆ ಬರಿಯ ನೀರಿನಲ್ಲಿ ಗುಳಿಗೆ ನುಂಗತೊಡಗಿದೆ.

ತಾವು ಮಾತಿಗೆ ತಪ್ಪುವವರಲ್ಲ. ನಾಲ್ಕನೆಯ ದಿನ ಹನ್ನೊಂದರ ಸುಮಾರಿಗೆ ಬೆರಳು ಬತ್ತಿ ಹೊಸೆಯುವುದನ್ನು ಬಿಟ್ಟಿತು, ಕುತ್ತಿಗೆ ಹಗುರಾಯಿತು, ನನ್ನ ಎರಡೂ ತುಟಿ ಹೇಳದೆ ಕೇಳದೆ ಅಗಲವಾದವು. ಒಂದು ವರ್ಷ ಕಾದ ಆ ನಗು ಯಾರ ಮೇಲೆ ಬಿತ್ತು ಎಂಬುದನ್ನು ನೆನೆದರೆ ನನಗೆ ಇಂದಿಗೂ ನಾಚಿಕೆ. ಎದುರಿಗೆ ನಿಂತಿದ್ದವನು ಜವಾನ ಕನಕಪ್ಪ. ಅವನು ಗಾಬರಿಯಾಗಿ ಹಿಂದೆ ಸರಿದು, “ಯಾಕ್ರಿ ಗುರಲಿಂಗಪ್ಪನವರ, ನನ್ನ ಮಾರಿ ಮ್ಯಾಲೆ ಏನರ ಬರದೈತೇನ್ರಿ?” ಎಂದು ಮುಖ ಒರೆಸಿಕೊಂಡು ಹೋದ. ಮಧ್ಯಾಹ್ನ ನಾನು ಓಡುನಡಿಗೆಯಿಂದ ಮನೆ ಮುಟ್ಟುವಷ್ಟರಲ್ಲಿ ತಮ್ಮ ಚೀಲಗಳು ಖಾಲಿ, ಬಾಗಿಲು ಮುಚ್ಚಿತ್ತು. ಮರುದಿನವೂ ಅದೇ, ಈ ಎರಡು ತಿಂಗಳೂ ಅದೇ. ಹೆಂಡತಿಗೆ ಸೇರಬೇಕಾದದ್ದು ದಿನಾಲೂ ಕನಕಪ್ಪನಿಗೆ ಬಟವಾಡೆಯಾಗುತ್ತಿದೆ, ಅವನು ಈಗ ಬೇರೆ ಬಾಗಿಲಿನಿಂದ ಓಡಾಡುತ್ತಾನೆ.

ಈ ಕಾರಣಗಳಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತೀರಿಹೋದ ಸದಸ್ಯರನ್ನು ವಾಪಸು ಕರೆಸುವುದು ನಿಯಮದಲ್ಲಿ ಇಲ್ಲದಿದ್ದರೆ, ನನ್ನ ತಲೆಯಲ್ಲಿ ಚಿಂತೆ ತಯಾರಿಸುವ ವಿಭಾಗದಲ್ಲಿ ಕೆಲಸಗಾರರು ಬೇಕಾದ್ದಕ್ಕಿಂತ ಹೆಚ್ಚಿದ್ದು ಹಗಲುರಾತ್ರಿ ದುಡಿಯುತ್ತಿರುವುದರಿಂದ ಅವರಲ್ಲಿ ಒಂದು ಸಾವಿರ ಮಂದಿಯನ್ನು ತಾವು ಎರವಲು ತೆಗೆದುಕೊಳ್ಳಬೇಕು. ಅದೂ ಆಗದಿದ್ದರೆ ಕೈಕಾಲಿನ ಪಾಲಿನ ಚೀಲಗಳನ್ನು ಮುಟ್ಟುಗೋಲು ಹಾಕಿ ಮುಖಕ್ಕೆ ಕಳಿಸಬೇಕು, ನಡೆಯದಿದ್ದರೂ ನಡೆದೀತು. ಪೂರ್ತಿ ನಗುವಿಗೆ ಮಂಜೂರಾತಿ ಸಿಕ್ಕದಿದ್ದರೆ ಎಡಗಡೆಯ ಅರ್ಧ ತುಟಿಗಾದರೂ ಕೊಡಬೇಕು. ಶಿವಬಸವ್ವ ಊಟಕ್ಕೆ ಬಡಿಸುವಾಗ ಎಡಗಡೆಗೇ ಕೂಡುತ್ತಾಳೆ. ಅದು ಹನ್ನೆರಡು ಎಣಿಸುವಷ್ಟು ಹೊತ್ತು ಇದ್ದರೆ ಸಾಕು. ಅಷ್ಟರಲ್ಲಿ ಅವಳು ನನ್ನ ಮುಖವನ್ನು ಓದಿಕೊಳ್ಳುತ್ತಾಳೆ, ಅವಳು ಓದುವುದರಲ್ಲಿ ಚುರುಕು.

ಇನ್ನು ಕೈಯ ವಿಷಯ. ನನಗೆ ಅರ್ಜಿಯಲ್ಲದೆ ಬೇರೆ ಬಗೆಯಲ್ಲಿ ಮನಸ್ಸು ಬಿಚ್ಚಿ ಗೊತ್ತಿಲ್ಲ. ನನ್ನ ಅಕ್ಷರ ಸಾಸಿವೆಯಾದ್ದರಿಂದ, ಒಂದು ಮುಖ್ಯ ಅರ್ಜಿ ಬರೆಯಬೇಕಾಗಿದೆ, ನಾನು ಹೇಳುತ್ತೇನೆ, ನೀ ಬರೆದುಕೊಳ್ಳುತ್ತೀಯಾ ಎಂದು ಇಂದು ಬೆಳಿಗ್ಗೆ ಶಿವಬಸವ್ವಳನ್ನೇ ಕೇಳಿದೆ. ಅವಳು ಬಾದಾಮಿಯ ಸಾಲಿಯಲ್ಲಿ ಏಳನೆಯ ಇಯತ್ತೆ ಪಾಸಾದವಳೆಂದು ಮದುವೆಯಲ್ಲಿ ಹೇಳಿದ್ದರು. ಆ ಏಳು ಇಯತ್ತೆಯ ಅಕ್ಷರ ಹೇಗಿದೆಯೆಂದು ಅರ್ಧ ತಾಲೂಕಿಗೆ ಅರ್ಜಿ ಬರೆದುಕೊಟ್ಟ ನಾನು ಇಪ್ಪತ್ತೊಂಬತ್ತು ವರ್ಷ ಒಮ್ಮೆಯೂ ಕೇಳಿರಲಿಲ್ಲ. ನನ್ನದಕ್ಕಿಂತ ಚೆಂದವಿದೆ ಎಂದು ತಾವೂ ನೋಡುತ್ತಿದ್ದೀರಿ. ಒಡಪಿನ ಸಾಲಿಗೆ ಬಂದಾಗ ಟಾಕು ನಿಂತಿತು. ನಾನು ಹೇಳುವುದನ್ನು ನಿಲ್ಲಿಸಲಿಲ್ಲ, ಮುಂದಿನ ಸಾಲನ್ನು ಎರಡು ಸಲ ಹೇಳಿದೆ, ಸ್ವಲ್ಪ ಹೊತ್ತಿಗೆ ಟಾಕು ಮತ್ತೆ ನಡೆಯಿತು. ಅವಳು ತಲೆ ಎತ್ತಿ ನನ್ನನ್ನು ನೋಡಿಲ್ಲ, ನೋಡಿದರೂ ಈ ಹೊತ್ತಿನಲ್ಲಿ ಅಲ್ಲಿ ಕಾಣಲು ಏನೂ ಇಲ್ಲ. ಸಂಜೆಯ ಆರು ಗಂಟೆಯಾಗಿದೆ, ತಮ್ಮ ಕಚೇರಿ ಮುಚ್ಚಿದೆ. ಶಿವಬಸವ್ವಳ ಮೇಲೆ ನನಗೆ ಸಿಟ್ಟಿಲ್ಲ, ಇರಲಿಲ್ಲ, ಆ ಒಡಪಿಗೆ ನಾನು ನಕ್ಕಿದ್ದೆ ಎಂದು ತಾವಾದರೂ ಸಾಕ್ಷಿ ಹೇಳಬೇಕು, ಒಳಗಿದ್ದವರು ತಾವೊಬ್ಬರೇ.

ಇನ್ನೂ ತಮ್ಮನ್ನೇ ನಂಬಿಕೊಂಡು, ನಂಬದೆ ಬೇರೆ ದಾರಿಯಿಲ್ಲದೆ ಇರುವ,

ತಮ್ಮ ವಿಶ್ವಾಸಿ,
ಗುರಲಿಂಗಪ್ಪ
(ಸಹಿ ಸ್ವಂತದ್ದು, ಇರುವೆಯಲ್ಲ, ಒರೆಸಬಾರದು)

ತಾ.ಕ.: ಇದು ಬರಕೊಂಡಾಕಿ ಬರಿಯೂದು. ಇವರು ಹೇಳಿದ್ದಲ್ಲ, ಇವರು ಸಹಿ ಮಾಡಿ ಅಂಗಳಕ್ಕ ಹೋಗ್ಯಾರ. ಈ ಪತ್ರದಾಗೂ ಅರ್ಧ ಸುಳ್ಳೈತಿ. ಮೂರು ರೊಟ್ಟಿ ಅಂತ ಬರಿಸ್ಯಾರ, ಐದು ತಿಂತಿದ್ರು. ಹಲ್ಲುನೋವು ಸುಳ್ಳಂತ ನನಗ ಮೊದಲನೇ ದಿನಾನ ಗೊತ್ತಾಗಿತ್ತು, ಸಿಟ್ಟಿಗೆ ನನ್ನ ಕೈಯಾಗಿಂದು ಉಣ್ಣವಲ್ಲರು ಅಂತ ಅತ್ತೇನಿ. ನಿಮ್ಮ ಟೈಮ್ ಬದಲು ಮಾಡೂದು ಬ್ಯಾಡ, ಸತ್ತವರನ್ನ ಎಬ್ಬಿಸೂದೂ ಬ್ಯಾಡ. ನಾಳಿಂದ ಹತ್ತಕ್ಕ ನಾನ ಬೇವಿನ ಗಿಡದ ಬುಡಕ ಬರ್ತೇನಿ, ಇವರು ಹೇಳಿದ ಅರ್ಜಿ ನಾ ಬರೀತೇನಿ, ಬುತ್ತಿ ಹನ್ನೆರಡಕ್ಕ ಬಿಚ್ಚತೇನಿ. ಹನ್ನೊಂದರ ನಗಿ ಕನಕಪ್ಪಗ ಯಾಕ ಕೊಡಬೇಕು. ನೀವು ಇದ್ದಷ್ಟು ಮಂದಿ ಜೋಡಿಸಿ ಕೆಲಸ ಮಾಡ್ರಿ, ಮಾಡದಿದ್ರ ಬಿಡ್ರಿ, ಇದರ ಮ್ಯಾಲೆ ನಿಮ್ಮ ಹಂಗು ನನಗಿಲ್ಲ. ಟಾಕು ನಿಂತಾಗ ನಾ ತಲಿ ಎತ್ತಿಲ್ಲ ಅಂತ ಬರಿಸಿದ್ದೂ ಸುಳ್ಳು. ಎತ್ತಿ ನೋಡೇನಿ.

ಬೇವಿನ ಗಿಡಕ್ಕ ಕಹಿ ಎಲಿ, ಸಿಹಿ ಹಣ್ಣು,
ಗುರಲಿಂಗಪ್ಪನವರ ಮಾರಿ ಕಟ್ಟಿಗಿ ಆದ್ರೂ ನಗತಾವ ಕಣ್ಣು.